ರಾಷ್ಟ್ರಕವಿ ಗೋವಿಂದ ಪೈಗಳು ಮತ್ತು ಗಡಿನಾಡ ಕಾನೂನು

ಶ್ರೀಮದನಂತೇಶ್ವರನ ಸನ್ನಿಧಿಯಿಂದ ಪುನೀತವಾದ ಮಂಜೇಶ್ವರವು ಕನ್ನಡ ಸಾರಸ್ವತ ಲೋಕಕ್ಕೆ ಕೊಟ್ಟ ಅಮೂಲ್ಯ ರತ್ನವೇ ರಾಷ್ಟ್ರಕವಿ ಗೋವಿಂದ ಪೈಗಳು. ಅವರ ಕಾವ್ಯದ ಬಗ್ಗೆ, ಸಂಶೋಧನೆಯ ಬಗ್ಗೆ ವಿದ್ವಾಂಸರು ಧಾರಾಳವಾಗಿ ಬರೆದಿರುತ್ತಾರೆ. ಆದರೆ ಅವರ ಎಂಬತ್ತು ವರ್ಷಗಳ ಬಾಳಿನಲ್ಲಿ ಗಡಿನಾಡಿನವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಮಂಜೇಶ್ವರದ ಅದೇ ಮನೆ, ಅದೇ ಅಂಗಳದಲ್ಲಿ ಇದ್ದುಕೊಂಡೇ ಅವರು ಮೂರು ಆಡಳಿತಗಳನ್ನು ಕಂಡರು. ಮೊದಲು ಬ್ರಿಟಿಷರ ಮದ್ರಾಸು ಪ್ರಾಂತ್ಯ, ಅನಂತರ ಸ್ವತಂತ್ರ ಭಾರತದ ಮದ್ರಾಸು ರಾಜ್ಯ, ಕೊನೆಗೆ ಕೇರಳ ರಾಜ್ಯ. ಮನುಷ್ಯ ಕದಲಲಿಲ್ಲ, ಗಡಿ ಕದಲಿತು. ಕಾನೂನು ಒಂದು ನಾಡಿನ ಸಂಸ್ಕೃತಿಗೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಅವರ ಜೀವನವೇ ದೊಡ್ಡ ಪಾಠ.

ಗೋವಿಂದ ಪೈಗಳು ಜನಿಸಿದ್ದು 1883ನೇ ಇಸವಿ ಮಾರ್ಚ್ 23ರಂದು. ತಂದೆ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಅನುಕೂಲಸ್ಥ ಗೌಡ ಸಾರಸ್ವತ ಮನೆತನ. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಓದು ಬರಹಕ್ಕೆ ಕನ್ನಡ, ನೆರೆಯಲ್ಲಿ ಮಲೆಯಾಳ ಮತ್ತು ಬ್ಯಾರಿ. ಹೀಗೆ ಹಲವು ಭಾಷೆಗಳ ನಡುವೆ ಅವರು ಬೆಳೆದರು. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂಥ ಗುರುಗಳು ದೊರೆತರು. ಮುಂದೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಬಿ.ಎ. ಓದಲು ಹೋದರು. ತಂದೆಯವರ ಅಗಲಿಕೆಯಿಂದ ಪದವಿ ಪೂರ್ತಿಯಾಗಲಿಲ್ಲವಾದರೂ ಇಂಗ್ಲಿಷಿನಲ್ಲಿ ಅವರಿಗೆ ಚಿನ್ನದ ಪದಕ ಲಭಿಸಿತು. ಊರಿಗೆ ಮರಳಿ ಮನೆಯಲ್ಲಿಯೇ ವ್ಯಾಸಂಗ ಮುಂದುವರಿಸಿದ ಅವರು ಇಪ್ಪತ್ತೈದರಷ್ಟು ಭಾಷೆಗಳನ್ನು ಬಲ್ಲವರೆಂದು ಖ್ಯಾತರಾದರು.

ಕನ್ನಡ ಕಾವ್ಯಕ್ಕೂ ಒಂದು ಹಳೆಯ ಶಾಸನವಿತ್ತು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ನಿಯಮವದು. 1911ರ ಸುಮಾರಿಗೆ ಪೈಗಳು ಧೈರ್ಯದಿಂದ ಅದನ್ನು ಬಿಟ್ಟು ಬರೆದರು. ಹಲವರು ಆಕ್ಷೇಪಿಸಿದರು. ಆದರೆ ಕನ್ನಡಕ್ಕೆ ಹಾನಿಯಾಗಲಿಲ್ಲ, ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆಯಿತು. 1930ರಲ್ಲಿ ಅವರ ಗಿಳಿವಿಂಡು ಕವನಸಂಗ್ರಹ ಪ್ರಕಟವಾಯಿತು. ಏಸುಕ್ರಿಸ್ತನ ಕೊನೆಯ ದಿನವನ್ನು ಗೊಲ್ಗೊಥಾದಲ್ಲಿ, ಭಗವಾನ್ ಬುದ್ಧನ ಕೊನೆಯ ದಿನವನ್ನು ವೈಶಾಖಿಯಲ್ಲಿ ಹಾಡಿದರು. ಗೊಮ್ಮಟೇಶ್ವರನನ್ನೂ ಸ್ತುತಿಸಿದರು. ತುಳುನಾಡಿನ ಇತಿಹಾಸವನ್ನು ಶಾಸನಗಳಿಂದ ಹೆಕ್ಕಿ ತೆಗೆದರು.

1949ರಲ್ಲಿ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನು ನೀಡಿತು. ಈ ಗೌರವ ಪಡೆದ ಪ್ರಥಮ ಕನ್ನಡಿಗರು ಅವರೇ. ಅದನ್ನು ಕೊಟ್ಟದ್ದು ಕನ್ನಡದ ಸರಕಾರವಲ್ಲ, ತಮಿಳು, ತೆಲುಗು, ಮಲೆಯಾಳ, ಕನ್ನಡಗಳೆಲ್ಲ ಒಂದೇ ಮನೆಯಲ್ಲಿದ್ದ ಮದ್ರಾಸು ಎಂಬುದು ಸ್ಮರಣೀಯ. 1951ರಲ್ಲಿ ಮುಂಬಯಿಯಲ್ಲಿ ಜರಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೂ ಅವರಿಗೆ ಸಂದಿತು.

ಅಷ್ಟರಲ್ಲಿ ಭಾಷಾವಾರು ಪ್ರಾಂತ್ಯದ ಕೂಗು ಎಲ್ಲೆಡೆ ಎದ್ದಿತ್ತು. 1953ರ ಕೊನೆಗೆ ಕೇಂದ್ರ ಸರಕಾರ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. 1955ರಲ್ಲಿ ಅದು ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ತಾಲೂಕನ್ನು ಇಡಿಯಾಗಿ ಲೆಕ್ಕಹಾಕಿದಾಗ ಮಲೆಯಾಳ ಮಾತಾಡುವವರೇ ಹೆಚ್ಚು ಎಂಬುದು ಕಾರಣ. ಚಂದ್ರಗಿರಿ ಹೊಳೆಯ ಉತ್ತರದ ಕನ್ನಡ ತುಳು ಊರುಗಳನ್ನು ಬೇರೆಯಾಗಿ ಎಣಿಸಲಿಲ್ಲ ಎಂಬುದು ಇಲ್ಲಿನವರ ಅಳಲು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಂತೆ ನವೆಂಬರ್ 1ರಂದು ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರಿಗೆ ಹೋಯಿತು, ಕಾಸರಗೋಡು ಮಾತ್ರ ಕೇರಳಕ್ಕೆ ಬಂತು. ಆಗ ಪೈಗಳಿಗೆ ಎಪ್ಪತ್ತಮೂರು ವರ್ಷ. ಕಾಸರಗೋಡು ಕನ್ನಡ ನಾಡಿಗೇ ಸೇರಬೇಕೆಂಬ ಹಂಬಲ ಹೊತ್ತಿದ್ದ ಆ ಹಿರಿಯ ಜೀವಕ್ಕೆ ಇದರಿಂದ ಬಹಳ ನೋವಾಯಿತು. ಊರವರ ಮನಸ್ಸು ಎತ್ತ ಇತ್ತೆಂಬುದಕ್ಕೆ 1957ರ ಚುನಾವಣೆಯೇ ಸಾಕ್ಷಿ. ಅದರಲ್ಲಿ ಎಂ. ಉಮೇಶ ರಾಯರು ಮಂಜೇಶ್ವರದಿಂದ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು.

ಆದರೆ ಅದೇ ನವೆಂಬರ್ 1ರಂದು ಇನ್ನೊಂದು ಸಂಗತಿಯೂ ನಡೆಯಿತು. ಸಂವಿಧಾನದ ಏಳನೇ ತಿದ್ದುಪಡಿ ಅಂದೇ ಜಾರಿಗೆ ಬಂತು. ಅದರ ಮೂಲಕ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಕರ್ಯ ಒದಗಿಸಬೇಕೆಂದು ವಿಧಿಸಿತು. 350-ಬಿ ವಿಧಿಯು ಅವರ ಹಿತ ನೋಡಲು ವಿಶೇಷಾಧಿಕಾರಿಯನ್ನು ನೇಮಿಸಲು ಹೇಳಿತು. ಗಡಿಯನ್ನು ಎಳೆದ ದಿನವೇ ಗಡಿಯವರಿಗೊಂದು ಕೊಡೆಯನ್ನೂ ಕೊಟ್ಟಂತಾಯಿತು. ಕೊಡೆಯನ್ನು ಬಿಡಿಸಿ ಹಿಡಿಯುವ ಕೆಲಸ ಮಾತ್ರ ಜನರ ಪಾಲಿಗೆ ಬಿತ್ತು.

ದೇವಸ್ಥಾನಗಳ ವಿಷಯದಲ್ಲಿಯೂ ಇಂತಹ ವಿಚಿತ್ರವನ್ನು ಕಾಣಬಹುದು. ರಾಜ್ಯ ಬದಲಾದರೂ ಇಲ್ಲಿನ ದೇವಸ್ಥಾನಗಳಿಗೆ 1951ರ ಮದ್ರಾಸು ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯೇ ಮುಂದುವರಿಯಿತು. 2008ರಲ್ಲಿ ಮಲಬಾರ್ ದೇವಸ್ವಂ ಬೋರ್ಡ್ ರಚನೆಯಾದದ್ದೂ ಅದೇ ಕಾಯ್ದೆಯ ತಿದ್ದುಪಡಿಯಿಂದ. ಸರಕಾರದ ಹೆಸರು ಬದಲಾಯಿತು, ಮೊಕ್ತೇಸರರು ಲೆಕ್ಕ ಒಪ್ಪಿಸುವ ಕಾನೂನಿನ ಬುಡ ಹಳೆಯದೇ ಉಳಿಯಿತು. ದೇವರ ಉತ್ಸವ, ಬಲಿ, ಯಕ್ಷಗಾನ, ದೈವದ ನೇಮಗಳು ಯಾವ ಕಾಯ್ದೆಯನ್ನೂ ಕಾಯದೆ ನಡೆದುಕೊಂಡು ಬಂದವು.

ಗೋವಿಂದ ಪೈಗಳು 1963ರ ಸೆಪ್ಟೆಂಬರ್ 6ರಂದು ದೈವಾಧೀನರಾದರು. ಅವರ ಕಾಲಾನಂತರ 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡುವ ಹಕ್ಕನ್ನಿತ್ತಿತು. 2017ರಲ್ಲಿ ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಪೈಗಳ ಮನೆಮಾತಾದ ಕೊಂಕಣಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ್ದು 1992ರಲ್ಲಿ, ಅವರು ತೀರಿಕೊಂಡು ಇಪ್ಪತ್ತೊಂಬತ್ತು ವರ್ಷಗಳ ಮೇಲೆ. ಅವರು ಚರಿತ್ರೆ ಬರೆದ ತುಳುನಾಡಿನ ಭಾಷೆಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಇಂದು ಪೈಗಳ ಗ್ರಂಥ ಭಂಡಾರ ಕರ್ನಾಟಕದ ಉಡುಪಿಯಲ್ಲಿ, ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿದೆ. ಅವರ ಮನೆ ಕೇರಳದ ಮಂಜೇಶ್ವರದಲ್ಲಿ ಗಿಳಿವಿಂಡು ಎಂಬ ಸ್ಮಾರಕವಾಗಿದೆ. ಕೇರಳ ಸರಕಾರದ ಕಾಲೇಜೊಂದು ಅದೇ ಊರಿನಲ್ಲಿ ಅವರ ಹೆಸರನ್ನು ಹೊತ್ತು ನಿಂತಿದೆ. ಮನೆ ಗಡಿಯ ಈಚೆ, ಪುಸ್ತಕ ಗಡಿಯ ಆಚೆ. ಕವಿ ಮಾತ್ರ ಎರಡೂ ಕಡೆಯವರಿಗೆ ಸೇರಿದವರು.

ಕಾನೂನು ಕಛೇರಿಯ ಫಲಕವನ್ನು, ಪಠ್ಯಪುಸ್ತಕವನ್ನು, ಅರ್ಜಿಯ ನಮೂನೆಯನ್ನು ಬದಲಾಯಿಸಬಲ್ಲದು. ಎರಡು ತಲೆಮಾರು ಕಳೆದರೆ ಮನೆಯ ಮಾತನ್ನೂ ಅದು ಬದಲಾಯಿಸೀತು. ಅದೇ ಕಾನೂನು ರಕ್ಷಣೆಯನ್ನೂ ಕೊಟ್ಟಿದೆ. ಆದರೆ ಕನ್ನಡ ತರಗತಿಗೆ ಮಕ್ಕಳೇ ಬಾರದಿದ್ದರೆ, ಕನ್ನಡದಲ್ಲಿ ಅರ್ಜಿಯನ್ನೇ ಬರೆಯದಿದ್ದರೆ ಆ ವಿಧಿಗಳು ಕಾಗದದಲ್ಲಿಯೇ ಉಳಿಯುತ್ತವೆ. ಮಲೆಯಾಳವನ್ನು ಪ್ರೀತಿಯಿಂದ ಕಲಿತು, ಕನ್ನಡವನ್ನು ಬಿಡದೆ ಉಳಿಸಿ, ಮನೆಮಾತನ್ನು ಮರೆಯದೆ ಬಾಳುವುದೇ ಹಲವು ಭಾಷೆಗಳನ್ನು ಆದರಿಸಿದ ಆ ಮಹಾಚೇತನಕ್ಕೆ ಸಲ್ಲಿಸುವ ನಿಜವಾದ ಗೌರವ. ಕ್ಷೇತ್ರದ ದೇವರು ಗಡಿನಾಡಿನ ಮಕ್ಕಳಿಗೆ ಆ ಸದ್ಬುದ್ಧಿಯನ್ನು ಕರುಣಿಸಲಿ.