ಶಾಸನಸಂಶೋಧಕ ರೈಸ್ ಸಾಹೇಬರು

ಮಿಷನರಿಯೊಬ್ಬರ ಪುತ್ರರಾಗಿ 1837ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಜನಿಸಿದ ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರು ಮೈಸೂರು ಸೀಮೆಯ ವಿದ್ಯಾ ಇಲಾಖೆಯಲ್ಲಿ ಸೇವೆಗೈದು, ತರುವಾಯ ಶಾಸನಸಂಶೋಧನೆಗೆ ತಮ್ಮನ್ನು ಮುಡಿಪಾಗಿಟ್ಟರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಣ ಶಿಲಾಸ್ತಂಭವನ್ನು ಅವರು ಬೆಳಕಿಗೆ ತಂದರು. ವಿದ್ಯಾರ್ಜನೆಗೆಂದು ಕಂಚಿಗೆ ತೆರಳಿ, ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾಗಲು ಆಯುಧವನ್ನು ಧರಿಸಿದ ಮಯೂರಶರ್ಮನ ವೃತ್ತಾಂತವೂ ಅವನ ಸಂತತಿಯ ಕ್ರಮವೂ ಆ ಕಲ್ಲಿಲ್ಲದಿದ್ದರೆ ಇಷ್ಟು ಸ್ಪಷ್ಟವಾಗಿ ದೊರೆಯುತ್ತಿರಲಿಲ್ಲ. ಅರಸರಿಗೇನೋ ಹೊಗಳುವ ಕವಿಗಳಿದ್ದರು. ತುರುಗಳನ್ನು ಮರಳಿಸಲು ಹೋರಾಡಿ ಮಡಿದ ಹಳ್ಳಿಗನಿಗೆ ವೀರಗಲ್ಲೊಂದೇ ಗತಿ. ಸೊರಬದ ಊರೂರುಗಳಲ್ಲಿ ನಿಂತಿದ್ದ ಅಂಥ ಕಲ್ಲುಗಳನ್ನೂ, ಭೂದಾನದ ಶಾಸನಗಳನ್ನೂ ಅವರು ಕಡೆಗಣಿಸಲಿಲ್ಲ. ಶಿಕಾರಿಪುರದ ಶಾಸನಗಳು 1902ರಲ್ಲಿಯೂ ಸೊರಬದವು 1904ರಲ್ಲಿಯೂ ಅಚ್ಚಾದವು. 1906ರಲ್ಲಿ ನಿವೃತ್ತರಾದ ಅವರು 1927ರಲ್ಲಿ ಆಂಗ್ಲದೇಶದ ಹ್ಯಾರೋ ಎಂಬಲ್ಲಿ ಕಾಲವಾದರು. ತಂದೆಯವರಾದರೋ 1887ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡಿದ್ದರು.