ಮಣ್ಣಿನ ಋಣ ಮತ್ತು ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು

ಎಳ್ಳಮಾವಾಸ್ಯೆಯ ದಿನ ಬಾದಾಮಿ, ಹುನಗುಂದ, ಬಾಗಲಕೋಟೆಯ ಕಡೆಯ ಒಕ್ಕಲು ಮಕ್ಕಳು ಮನೆಯಲ್ಲಿ ನಿಲ್ಲುವುದಿಲ್ಲ. ಸಜ್ಜೆಯ ರೊಟ್ಟಿ, ಕಡುಬು, ಹೋಳಿಗೆ, ಪುಂಡಿಪಲ್ಯಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ತಂದ ಅಡಿಗೆಯನ್ನು ಮೊದಲು ಹೊಲದ ನಾಲ್ಕೂ ದಿಕ್ಕಿಗೆ ಚರಗವಾಗಿ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಇದಾದ ಹದಿನೈದು ದಿನಕ್ಕೆ ಬನದ ಹುಣ್ಣಿಮೆ. ಬಾದಾಮಿಯ ಹತ್ತಿರದ ಬನಶಂಕರಿಯಲ್ಲಿ ಆಗ ಜಾತ್ರೆ ಕೂಡುತ್ತದೆ. ಈ ದೇವಿಗೆ ಶಾಕಂಭರಿಯೆಂದೂ ಹೆಸರು. ಮಳೆಯಿಲ್ಲದ ಕಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಬೆಳೆಯಿಸಿ ಲೋಕವನ್ನು ಸಲಹಿದಳೆಂಬುದು ಪುರಾಣದ ಮಾತು. ಪಲ್ಯದ ಹಬ್ಬದಂದು ಆಕೆಗೆ ನೂರೆಂಟು ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ.

ಈ ದಿನಗಳು ಬಂದಾಗಲೆಲ್ಲ ಭಕ್ತರಲ್ಲಿ ಯಾರಾದರೊಬ್ಬರು ಒಂದು ಪ್ರಶ್ನೆಯನ್ನೆತ್ತುತ್ತಾರೆ. ಕರಸ್ಥಲದಲ್ಲಿ ಇಷ್ಟಲಿಂಗವಿರುವಾಗ ಮಣ್ಣಿಗೆ ಕೈಮುಗಿಯುವುದು ಸರಿಯೇ? ಚರಗ ಚೆಲ್ಲುವುದು ಅನ್ಯದೈವಾರಾಧನೆಯಾಗದೇ? ಪ್ರಶ್ನೆ ಯುಕ್ತವಾದುದೇ, ಹಗುರಾಗಿ ತಳ್ಳಿಹಾಕತಕ್ಕುದಲ್ಲ. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದ ಧರ್ಮ ನಮ್ಮದು. ಇದಕ್ಕೆ ಶಾಸ್ತ್ರವಚನಗಳಿಂದ ಉತ್ತರ ಹೇಳುವುದಕ್ಕಿಂತ ಒಬ್ಬ ಶರಣರ ಚರಿತ್ರೆಯಿಂದ ಹೇಳುವುದು ಲೇಸೆಂದು ನನ್ನ ಎಣಿಕೆ. ಮಣ್ಣಿಗಾಗಿ ಅವರಷ್ಟು ಬೆವರು ಸುರಿಸಿದ ಶಿವಯೋಗಿಗಳು ವಿರಳ. ಆ ಬೆವರಿನ ನಿಮಿತ್ತವಾಗಿಯೇ ಅವರಷ್ಟು ಕಠಿನವಾದ ಪರೀಕ್ಷೆಗೆ ಗುರಿಯಾದವರು ಇನ್ನೂ ವಿರಳ. ಅವರೇ ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮರು.

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಈಗ ಅದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡದ ಬಾಯಿ ಅಲ್ಲಿ ಇನ್ನೂ ಮುಚ್ಚಿಲ್ಲ. ನೆಲವೂ ನಮ್ಮ ನೆಲದಂಥದೇ: ಕರಿಯ ಎರೆಮಣ್ಣು, ನಂಬಲಾಗದ ಮಳೆ, ಹಿಂಗಾರಿಯ ಜೋಳ. ಅಲ್ಲಿಯ ಮುದ್ದಗೌಡ, ಸುಗ್ಗವ್ವೆ ಎಂಬ ದಂಪತಿಗಳಿಗೆ ರೇವಣಸಿದ್ಧರ ಆಶೀರ್ವಾದದಿಂದ ಮಗನು ಹುಟ್ಟಿದನು. ತಾಯಿಯ ಹೆಸರಿನಲ್ಲಿಯೇ ಸುಗ್ಗಿಯಿರುವುದನ್ನು ಗಮನಿಸಬೇಕು. ಮನೆದೇವರಾದ ಧೂಳಿಮಾಕಾಳನ ಹೆಸರನ್ನೇ ಕೂಸಿಗೆ ಇಟ್ಟಿದ್ದರೆಂದು ಕಥೆ ಹೇಳುತ್ತದೆ; ಸಿದ್ಧರಾಮನೆಂಬುದು ಆಮೇಲೆ ನಿಂತ ಹೆಸರು. ಹುಡುಗನು ಮಾತು ಕಡಿಮೆ, ಲೋಕದ ಚತುರತೆಯಿಲ್ಲ. ಆದಕಾರಣ ಮನೆಯವರು ದನ ಮೇಯಿಸುವುದಕ್ಕೂ ಬೆಳೆ ಕಾಯುವುದಕ್ಕೂ ಅವನನ್ನು ಅಡವಿಗೆ ಅಟ್ಟುತ್ತಿದ್ದರು.

ಒಂದು ದಿನ ಆ ಹೊಲಕ್ಕೆ ಒಬ್ಬ ಜಂಗಮಮೂರ್ತಿ ಬಂದು, ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿಕೊಂಡು, ಹಸಿವೆಂದನು. ಹುಡುಗನು ಎಳೆಯ ತೆನೆಗಳನ್ನು ಮುರಿದು ಸುಟ್ಟು ಕಾಳು ಬಿಡಿಸಿ ಕೊಟ್ಟನು. ಅದನ್ನುಂಡ ಅತಿಥಿಯು ಒಡಲುರಿಯೆಂದು ಮಜ್ಜಿಗೆಯ ಊಟವನ್ನು ಬೇಡಲು, ಹುಡುಗನು ಮನೆಗೆ ಓಡಿ ತಾಯಿಯಿಂದ ಅದನ್ನು ಪಡೆದು ಮರಳಿ ಓಡಿಬಂದನು. ಹೊಲದಲ್ಲಿ ಯಾರೂ ಇರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ, ದಾರಿಯಲ್ಲಿ ಸಿಕ್ಕ ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲಕ್ಕೆ ಹೋದನು. ಗುಡಿಯ ಲಿಂಗವನ್ನು ತೋರಿಸಿದರೆ, ತನ್ನ ಹೊಲಕ್ಕೆ ಬಂದವನು ಇವನಲ್ಲವೆಂದನು. ಕಡೆಗೆ ಪ್ರಪಾತಕ್ಕೆ ಹಾರಲು ನಿಂತಾಗ ಮಲ್ಲಿಕಾರ್ಜುನನು ಕೈಹಿಡಿದೆತ್ತಿದನು.

ಇಲ್ಲಿ ಒಂದು ವಿಷಯ ಮನನೀಯವಾಗಿದೆ. ದೇವರು ಆ ಬಾಲಕನನ್ನು ಶ್ರೀಶೈಲದಲ್ಲಿ ಇರಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಕಳುಹಿದನು. ದರ್ಶನವು ಹೊಲದಲ್ಲಿ ಮೊದಲಾಯಿತು. ದರ್ಶನದ ಫಲವೂ ಆ ನೆಲಕ್ಕೇ ಸಂದಿತು.

ಮುಂದಿನ ಕಥೆಯನ್ನು ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ವಿಸ್ತರಿಸಿದ್ದಾನೆ. ಸಿದ್ಧರಾಮರು ಗುಡಿಗಳನ್ನು ಕಟ್ಟಿಸಿದರು. ಅರವತ್ತೆಂಟು ಲಿಂಗಗಳನ್ನು ಊರ ಸುತ್ತ ಸ್ಥಾಪಿಸಿದರೆಂದು ಪ್ರತೀತಿ. ಆದರೆ ಅವರ ಮಹಾಕಾರ್ಯವು ಕೆರೆ. ಅದನ್ನು ಅಗೆಯುವುದಕ್ಕೆ ಅವರೂ ಅವರ ಶಿಷ್ಯಸಮೂಹವೂ ಗುದ್ದಲಿ ಬುಟ್ಟಿಗಳನ್ನು ಹಿಡಿದು ನಿಂತರು. ವರ್ಷಕ್ಕೆ ಇಪ್ಪತ್ತೈದು ಅಂಗುಲದ ಆಸುಪಾಸಿನಲ್ಲಿ ಮಳೆ ಕಾಣುವ ಸೀಮೆಯಲ್ಲಿ ಕೆರೆಯೆಂದರೇನೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ದಿನ ಜೋರಾಗಿ ಸುರಿದು ಹಳ್ಳ ಹಿಡಿದು ಓಡಿಹೋಗುವ ನೀರನ್ನು ಅದು ತಡೆದು ನಿಲ್ಲಿಸುತ್ತದೆ. ನಿಂತ ನೀರು ಒಳಗೊಳಗೇ ಇಳಿದು ಸುತ್ತಲ ಬಾವಿಗಳ ಸೆಲೆಯಾಗುತ್ತದೆ. ಹೊಲಗಳಿಂದ ಕೊಚ್ಚಿಬಂದ ಫಲವತ್ತಾದ ಮಣ್ಣು ತಳದಲ್ಲಿ ಹೂಳಾಗಿ ಕೂಡುತ್ತದೆ; ಬೇಸಿಗೆಯಲ್ಲಿ ಒಕ್ಕಲಿಗನು ಅದನ್ನು ಬಂಡಿಯಲ್ಲಿ ಹೇರಿ ತನ್ನ ಹೊಲಕ್ಕೇ ಮರಳಿ ಹರವುತ್ತಾನೆ. ಮಣ್ಣಿನದು ಮಣ್ಣಿಗೆ ಸಲ್ಲುವುದೆಂದರೆ ಇದೇ. ಈ ಹೊತ್ತು ಕೃಷ್ಣೆ ಘಟಪ್ರಭೆಗಳ ನೀರು ಬಂದ ನಮ್ಮ ಜಿಲ್ಲೆಯ ಎಷ್ಟೋ ಕಬ್ಬಿನ ಹೊಲಗಳು, ನೀರನ್ನು ಅಳತೆಯಿಲ್ಲದೆ ಹಾಯಿಸಿದ್ದರಿಂದ ಸವಳು ಜವಳಾಗಿ ಬಿದ್ದಿರುವುದನ್ನು ನೋಡಿದಾಗ, ಕೊಡುವ ಲೆಕ್ಕವನ್ನು ಮರೆತು ಕೊಳ್ಳುವ ಲೆಕ್ಕವನ್ನಷ್ಟೇ ಇಟ್ಟವರ ಪಾಡು ಏನಾಗುವುದೆಂದು ತಿಳಿಯುತ್ತದೆ.

ಇಂತಹ ಪುಣ್ಯಕಾರ್ಯದ ನಡುವೆ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಶೂನ್ಯಸಂಪಾದನೆಗಳು ಹೇಳುವ ಈ ಪ್ರಸಂಗ ಸರ್ವವಿದಿತ. ಪ್ರಭುಗಳು ಕೆರೆಯ ಏರಿಯ ಬಳಿ ನಿಂತು, ಒಡ್ಡರಾಮನೆಲ್ಲಿ ಎಂದು ಕೇಳಿದರು. ಗುರುನಿಂದೆಯನ್ನು ಸೈರಿಸಲಾರದೆ ಶಿಷ್ಯರು ಕಲ್ಲು ಬೀರಿದರು. ಆ ಕಲ್ಲುಗಳು ಪ್ರಭುಗಳನ್ನು ನೋಯಿಸಲಿಲ್ಲ. ಸುದ್ದಿ ಕೇಳಿ ಬಂದ ಸಿದ್ಧರಾಮರು ಕೋಪದಿಂದ ಹಣೆಗಣ್ಣನ್ನು ತೆರೆಯಲು ಹೊರಟ ಉರಿಯು ಪ್ರಭುಗಳ ಸನ್ನಿಧಿಯಲ್ಲಿ ತಣ್ಣಗಾಯಿತು. ಆಗ ಸಿದ್ಧರಾಮರಿಗೆ ಎದುರು ನಿಂತವರು ಯಾರೆಂಬುದು ಅರಿವಾಯಿತು.

ಪ್ರಭುಗಳು ಕೆರೆಯನ್ನು ಜರೆದರೆಂದು ಕೆಲವರು ಅರ್ಥಮಾಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕೆರೆಯನ್ನು ಕಟ್ಟಿದವನ ಮನಸ್ಸಿನಲ್ಲಿ ಕಟ್ಟಿದೆನೆಂಬುದು ಉಳಿದಿದೆಯೇ, ಪುಣ್ಯದ ಫಲಾಪೇಕ್ಷೆ ಉಳಿದಿದೆಯೇ ಎಂಬುದೇ ಅವರ ಪರೀಕ್ಷೆ. ಒಂದು ಕೆಣಕು ಮಾತಿಗೆ ಉರಿ ಹೊರಬಿದ್ದುದೇ ಉತ್ತರವಾಯಿತು. ನೆಲಕ್ಕೆ ನೀರು ಕೊಟ್ಟವರು ನೆಲದಿಂದ ಕೀರ್ತಿಯನ್ನು ಎತ್ತಿಕೊಳ್ಳುತ್ತಿದ್ದರು. ಕೊಟ್ಟದ್ದು ಅಷ್ಟರಮಟ್ಟಿಗೆ ವ್ಯಾಪಾರವಾಗಿತ್ತು. ಮಾರಯ್ಯನು ಹೆಚ್ಚಾಗಿ ಆಯ್ದುತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಪ್ರಸಂಗದಲ್ಲಿಯೂ ಇದೇ ಸೂಕ್ಷ್ಮವಿದೆ: ಕಾಯಕ ಶುದ್ಧವಾಗಿದ್ದರೂ ಅದರೊಳಗೆ ಆಸೆ ನುಸುಳಬಲ್ಲುದು.

ಸಿದ್ಧರಾಮರ ದೊಡ್ಡತನ ಇಲ್ಲಿಯೇ ಇದೆ. ಸಾವಿರಾರು ಶಿಷ್ಯರ ಗುರುವಾಗಿದ್ದವರು, ತಮ್ಮ ಶಿಷ್ಯರ ಕಣ್ಣೆದುರಿನಲ್ಲಿಯೇ ತಪ್ಪನ್ನೊಪ್ಪಿ, ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ಬಸವಣ್ಣನವರನ್ನು ಕಂಡರು. ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಕಪಿಲಸಿದ್ಧಮಲ್ಲಿಕಾರ್ಜುನನ ಅಂಕಿತದಲ್ಲಿ ಸಾವಿರಕ್ಕೂ ಮೀರಿ ಅವರ ವಚನಗಳು ನಮಗೆ ಉಳಿದಿವೆ. ಶೂನ್ಯಪೀಠವನ್ನೇರಿದವರಲ್ಲಿ ಅಲ್ಲಮರು, ಚೆನ್ನಬಸವಣ್ಣನವರ ತರುವಾಯ ಅವರನ್ನೇ ಹೇಳುವುದು ಪರಂಪರೆ.

ಕಲ್ಯಾಣದ ವಿಪ್ಲವದ ಬಳಿಕ ಅವರು ಎಲ್ಲಿಗೆ ಹೋದರು? ಮತ್ತೆ ಸೊನ್ನಲಿಗೆಗೇ. ಕೆರೆ ಹುಸಿಯೆಂದು ತಿಳಿದಿದ್ದರೆ ಅದರ ದಂಡೆಗೆ ಮರಳುತ್ತಿರಲಿಲ್ಲ. ತಾವು ಅಗೆದ ಆ ನೆಲದಲ್ಲಿಯೇ ಅವರು ಸಮಾಧಿಸ್ಥರಾದರು. ನಮ್ಮ ಕಡೆ ಅಂತ್ಯಸಂಸ್ಕಾರಕ್ಕೆ ಹೋಗಿಬಂದವರು ಮಣ್ಣಿಗೆ ಹೋಗಿದ್ದೆವೆಂದು ಹೇಳುತ್ತಾರೆ. ಲಿಂಗವಂತನ ದೇಹವು ಬೆಂಕಿಗಲ್ಲ, ಮಣ್ಣಿಗೆ ಸಲ್ಲುತ್ತದೆ. ಕೊಡುವವನೆಂಬ ಹೆಸರೂ ಉಳಿಯದಂತೆ ಕೊಡುವ ಕಡೆಯ ಚರಗ ಅದು.

ಇನ್ನು ಮೊದಲಿನ ಪ್ರಶ್ನೆ. ಹೊಲವನ್ನು ಬೇರೊಂದು ದೈವವೆಂದು ಬಗೆದು, ಬೆಳೆ ಹೆಚ್ಚಾಗಲೆಂದು ಬೇಡಿಕೊಂಡು ಚರಗ ಚೆಲ್ಲಿದರೆ ಅದು ಸಿದ್ಧರಾಮರು ಪ್ರಭುಗಳನ್ನು ಕಾಣುವುದಕ್ಕೆ ಮೊದಲಿನ ಸ್ಥಿತಿ. ಲಿಂಗಕ್ಕೆ ಅರ್ಪಿಸಿದ ಪ್ರಸಾದವನ್ನೇ ಇರುವೆಗೂ ಹಕ್ಕಿಗೂ ಮಣ್ಣಿಗೂ ಹಂಚಿದರೆ ಅದು ದಾಸೋಹ. ಕೈಯ ಚಲನೆ ಎರಡರಲ್ಲಿಯೂ ಒಂದೇ. ನೋಡುವವರಿಗೆ ಭೇದ ಕಾಣದು. ಚೆಲ್ಲುವವನಿಗೆ ಮಾತ್ರ ಗೊತ್ತು. ಬದುವು ಹಾಕಿಸುವುದು, ಹೂಳೆತ್ತುವುದು, ತಿಪ್ಪೆಯ ಗೊಬ್ಬರ ಹೇರುವುದು ಇವೂ ವರ್ಷವೆಲ್ಲ ನಡೆಯುವ ಚರಗಗಳೇ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಅವರಲ್ಲಿ ಕೆಲವರು ನಕ್ಕಿದ್ದಾರೆ, ಕೆಲವರು ಮಾಡಿದ್ದಾರೆ.

ಮಕರ ಸಂಕ್ರಮಣದಲ್ಲಿ ಸೊಲ್ಲಾಪುರದ ಜಾತ್ರೆ. ಕೆರೆಯ ನಡುವಿನ ಸಿದ್ಧೇಶ್ವರ ಗುಡಿಗೆ ನಂದಿಧ್ವಜಗಳು ಬರುತ್ತವೆ; ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಶಿವಯೋಗಿಗಳನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಅವರ ಯೋಗದಂಡದೊಡನೆ ಮದುವೆಯಾಯಿತೆಂಬ ಐತಿಹ್ಯದ ಮೇರೆಗೆ, ನೆರೆದ ಜನವೆಲ್ಲ ಅಕ್ಷತೆ ಬೀರುತ್ತಾರೆ. ಆ ದಿನಗಳಲ್ಲಿ ಎರೆಹೊಲಗಳ ಹಿಂಗಾರಿ ಜೋಳವು ಇನ್ನೂ ಹಾಲುಗಾಳಿನಲ್ಲಿರುತ್ತದೆ. ಜಾತ್ರೆಗೆ ಹೋಗುವವರು ಬದುವಿನ ಮೇಲೆ ಹಾದುಹೋದರೆ ಹೊಲದವರು ಕೂಗಿ ಕರೆದು, ತೆನೆ ಸುಟ್ಟು, ಸೀತನಿಯನ್ನು ಉಜ್ಜಿ ಬೊಗಸೆಗೆ ಹಾಕುತ್ತಾರೆ. ಬಂದವನು ಯಾರು, ಯಾವ ಊರಿನವನು ಎಂದು ಮೊದಲು ಕೇಳುವ ರೂಢಿಯಿಲ್ಲ.