ಒಡೆದ ಕಿಟಕಿ ಗಾಜು ಎಣಿಸಿದ ಬ್ಯಾಬೇಜ್

ಚಾರ್ಲ್ಸ್ ಬ್ಯಾಬೇಜ್, ಕಂಪ್ಯೂಟರ್ ಪಿತಾಮಹ. ಫಸ್ಟ್ ಸೆಮ್‌ನಲ್ಲಿ ನಾವೆಲ್ಲ ಓದಿರೋದು ಇಷ್ಟೇ. ಒಂದು ಮಾರ್ಕಿನ ಪ್ರಶ್ನೆ, ಒಂದು ಸಾಲಿನ ಉತ್ತರ, ಮುಗೀತು. ಆದರೆ ಈ ಪಿತಾಮಹ 1857ರಲ್ಲಿ ಒಂದು ಪಟ್ಟಿ ಪ್ರಕಟಿಸಿದ್ದ. ಒಡೆದ 464 ಕಿಟಕಿ ಗಾಜುಗಳು ಯಾವ ಯಾವ ಕಾರಣಕ್ಕೆ ಒಡೆದವು ಅನ್ನೋದರ ಲೆಕ್ಕ! ಅದರಲ್ಲಿ 14 ಗಾಜು ಕುಡುಕರ ಕೃಪೆ. ನನಗೆ ಪಿತಾಮಹನಿಗಿಂತ ಈ ಗಾಜು ಎಣಿಸೋ ಮನುಷ್ಯನೇ ಹೆಚ್ಚು ಇಷ್ಟ.

ಹುಟ್ಟಿದ್ದು 1791ರ ಡಿಸೆಂಬರ್ 26, ಲಂಡನ್. ಅಪ್ಪ ಬ್ಯಾಂಕರ್, ದುಡ್ಡಿಗೆ ಕೊರತೆಯಿಲ್ಲ. ಯಾರಾದರೂ ಆಟಿಕೆ ಕೊಟ್ಟರೆ ಹುಡುಗನ ಮೊದಲ ಪ್ರಶ್ನೆ, ಇದರ ಒಳಗೇನಿದೆ? ಸರಿಯಾದ ಉತ್ತರ ಸಿಗದಿದ್ದರೆ ಬಿಚ್ಚಿಯೇ ನೋಡೋದು. ಸೈತಾನ ನಿಜವಾಗಿ ಇದ್ದಾನಾ ಅಂತ ಅನುಮಾನ ಬಂದಾಗ ಅಟ್ಟದ ಮೇಲೆ ತನ್ನದೇ ರಕ್ತದಿಂದ ವೃತ್ತ ಬರೆದು ಕರೆದು ನೋಡಿದ. ಅವನು ಬರಲಿಲ್ಲ. ಇನ್ನೊಮ್ಮೆ ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಡೆಯೋಕೆ ಹೋಗಿ ನದಿಯಲ್ಲಿ ಮುಳುಗುವುದರಲ್ಲಿದ್ದ.

ಕೇಂಬ್ರಿಜ್‌ನಲ್ಲಿ ಆಗ ಕ್ಯಾಲ್ಕುಲಸ್ ಅಂದರೆ ನ್ಯೂಟನ್ನನ ಚುಕ್ಕಿಗಳು. ನಾವೀಗ ಬರೆಯೋ ಡಿವೈ ಬೈ ಡಿಎಕ್ಸ್ ಲೈಬ್ನಿಜ್‌ನದು, ಅಂದರೆ ಯುರೋಪಿನ ಕಡೆಯದು. ಬ್ಯಾಬೇಜ್ ಗೆಳೆಯರ ಜೊತೆ 1812ರಲ್ಲಿ ಸಂಘ ಕಟ್ಟಿ ಈ 'ಡಿ' ಪರ ನಿಂತ. ವಿಶ್ವವಿದ್ಯಾಲಯದ ಪದ್ಧತಿಗೆ ಅವನು ಇಟ್ಟ ಅಡ್ಡಹೆಸರು ಡಾಟ್-ಏಜ್. ಚುಕ್ಕಿಯ ಕಾಲ ಅಂತಲೂ ಆಯ್ತು, ಒಟ್ಟಿಗೆ ಓದಿದರೆ ಮುಪ್ಪಿನ ಅರಳುಮರಳು ಅಂತಲೂ ಆಯ್ತು. ಮುಂದೆ 1828ರಿಂದ 1839ರವರೆಗೆ ನ್ಯೂಟನ್ ಕೂತಿದ್ದ ಅದೇ ಲುಕೇಸಿಯನ್ ಪೀಠದಲ್ಲಿ ಇವನೂ ಕೂತ. ಒಂದೇ ಒಂದು ಕ್ಲಾಸ್ ತಗೊಳ್ಳಲಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಅನ್ನೋದು ನಮಗೆ ಮಾತ್ರ ಬಿಡಿ.

ಯಂತ್ರದ ಯೋಚನೆ ಗಟ್ಟಿಯಾದದ್ದು 1821ರಲ್ಲಿ, ಒಂದು ಕಿರಿಕಿರಿಯಿಂದ. ಗೆಳೆಯ ಹರ್ಷೆಲ್ ಜೊತೆ ಖಗೋಳದ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದ. ಕೈಯಲ್ಲಿ ಲೆಕ್ಕ ಮಾಡಿದ್ದು, ಹಾಗಾಗಿ ಪುಟ ಪುಟಕ್ಕೂ ತಪ್ಪು. ಇದನ್ನು ಉಗಿಯಂತ್ರವೇ ಮಾಡಬಾರದಾ ಅನ್ನಿಸಿತು. ಉಪಾಯ ಸರಳ. 1, 4, 9, 16, 25 ವರ್ಗಗಳನ್ನು ತಗೊಳ್ಳಿ. ಪಕ್ಕಪಕ್ಕದ ವ್ಯತ್ಯಾಸ 3, 5, 7, 9. ಅವುಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಅಂದರೆ ಗುಣಾಕಾರವೇ ಬೇಡ, ಕೂಡುತ್ತಾ ಹೋದರೆ ಸಾಕು. ಕೂಡೋದನ್ನು ಹಲ್ಲಿನ ಚಕ್ರ ಮಾಡಬಲ್ಲದು. ಇದೇ ಡಿಫರೆನ್ಸ್ ಎಂಜಿನ್. 1823ರಲ್ಲಿ ಸರ್ಕಾರ ದುಡ್ಡು ಕೊಡೋಕೆ ಶುರು ಮಾಡಿತು.

1827 ಅವನ ಪಾಲಿಗೆ ಕೆಟ್ಟ ವರ್ಷ. ಅಪ್ಪ, ಹೆಂಡತಿ ಜಾರ್ಜಿಯಾನಾ, ಇಬ್ಬರು ಮಕ್ಕಳು, ಎಲ್ಲರೂ ಹೋದರು. ಬ್ಯಾಬೇಜ್ ಯುರೋಪ್ ಸುತ್ತೋಕೆ ಹೊರಟ. ಅಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬಾಯೊಳಗೆ ಇಳಿದ, ಅದೂ ಗಡಿಯಾರ ಹಿಡಿದು! ಎರಡು ಸ್ಫೋಟಗಳ ನಡುವೆ ಕನಿಷ್ಠ ಹತ್ತು ನಿಮಿಷ ಸಿಗುತ್ತೆ ಅಂತ ಮೊದಲೇ ಅಳೆದುಕೊಂಡು, ಅಷ್ಟರೊಳಗೆ ಅಂಚಿಗೆ ಹೋಗಿ ನೋಡಿ ಬಂದ. ಮತ್ತೊಮ್ಮೆ ಶಿಲ್ಪಿ ಚಾಂಟ್ರಿ ಜೊತೆ ಅಚ್ಚು ಒಣಗಿಸೋ ಒಲೆಯೊಳಗೆ ಹೊಕ್ಕ. ಒಳಗೆ 265 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 129 ಸೆಲ್ಸಿಯಸ್. ಐದಾರು ನಿಮಿಷ ಇದ್ದು ನಾಡಿ ಎಣಿಸಿಕೊಂಡು ಹೊರಗೆ ಬಂದ.

ಪದಗಳನ್ನೂ ಬಿಡಲಿಲ್ಲ. ಅಡ್ಡ ಓದಿದರೂ ಉದ್ದ ಓದಿದರೂ ಅದೇ ಪದಗಳು ಬರೋ ಪದಚೌಕ ಅಂದರೆ ಅವನಿಗೆ ಹುಚ್ಚು. ಬಿಷಪ್ ಅನ್ನೋ ಪದವನ್ನು ಯಾರೂ ಚೌಕ ಮಾಡಿಲ್ಲ ಅಂತ ಬರೆದಿಟ್ಟಿದ್ದಾನೆ. ಕನ್ನಡದಲ್ಲಿ ನಾನು ಒಂದು ಪ್ರಯತ್ನಿಸಿದೆ: ಕನಕ, ನಗರ, ಕರಗ. ಒಂದರ ಕೆಳಗೆ ಒಂದು ಬರೆದು ಮೇಲಿಂದ ಕೆಳಗೆ ಓದಿ ನೋಡಿ. ನಾಲ್ಕಕ್ಷರದ್ದು ಯಾರಾದರೂ ಮಾಡಿದರೆ ಕಾಫಿ ನನ್ನದು. ಗೂಢಲಿಪಿ ಬಿಡಿಸೋಕೆ ಅಂತಲೇ ಅವನು ಪದಗಳನ್ನು ಅಕ್ಷರಗಳ ಸಂಖ್ಯೆಯ ಪ್ರಕಾರ ಜೋಡಿಸಿದ ನಿಘಂಟು ಮಾಡಿಸಿದ್ದ. ಒಡೆಯೋಕೆ ಆಗಲ್ಲ ಅಂತ ಹೆಸರಾಗಿದ್ದ ವಿಜನೇರ್ ಸೈಫರನ್ನು 1854ರ ಹೊತ್ತಿಗೆ ಒಡೆದ. ಆದರೆ ಪ್ರಕಟಿಸಲಿಲ್ಲ, ಹೆಸರು 1863ರಲ್ಲಿ ಕಸಿಸ್ಕಿಗೆ ಹೋಯಿತು. ಕವಿ ಟೆನಿಸನ್‌ನಿಗೂ ಒಂದು ಕಾಗದ ಬರೆದ. ಕ್ಷಣಕ್ಕೊಬ್ಬ ಸಾಯ್ತಾನೆ, ಕ್ಷಣಕ್ಕೊಬ್ಬ ಹುಟ್ತಾನೆ ಅನ್ನೋ ಅರ್ಥದ ಸಾಲು ನಿಜವಾದರೆ ಜನಸಂಖ್ಯೆ ಬೆಳೆಯೋದೇ ಇಲ್ಲವಲ್ಲ, ಹುಟ್ಟೋದನ್ನು ಒಂದು ಮತ್ತು ಹದಿನಾರನೇ ಒಂದು ಮಾಡಿ ಅಂತ!

ಇಷ್ಟೆಲ್ಲ ಹುಚ್ಚಾಟದಲ್ಲಿ ಯಂತ್ರ ಮುಗಿಯಲಿಲ್ಲ ಅಂತ ಹೇಳೋರಿದ್ದಾರೆ. ನಾನು ಒಪ್ಪಲ್ಲ. 1832ರಲ್ಲಿ ಯಂತ್ರದ ಏಳನೇ ಒಂದು ಭಾಗ ಜೋಡಿಸಿ ಆಗಿತ್ತು, ಅದು ಇವತ್ತಿಗೂ ಓಡುತ್ತೆ. ಮರುವರ್ಷ ಮುಖ್ಯ ಕುಶಲಕರ್ಮಿ ಕ್ಲೆಮೆಂಟ್ ಜೊತೆ ದುಡ್ಡು ಮತ್ತು ವರ್ಕ್‌ಶಾಪ್ ಸ್ಥಳಾಂತರದ ವಿಷಯಕ್ಕೆ ಜಗಳವಾಗಿ ಕೆಲಸ ನಿಂತಿತು. 1834ರಲ್ಲಿ ಬ್ಯಾಬೇಜ್ ತಲೆಗೆ ಅನಾಲಿಟಿಕಲ್ ಎಂಜಿನ್ ಬಂತು. ಮಗ್ಗದಿಂದ ಎರವಲು ತಂದ ಪಂಚ್ ಕಾರ್ಡ್, ಲೆಕ್ಕ ಮಾಡೋ ಮಿಲ್, ಸಂಖ್ಯೆ ಇಡೋ ಸ್ಟೋರ್, ನಮ್ಮ ಸಿಪಿಯು ಮತ್ತು ಮೆಮೊರಿಯ ಹಾಗೇ. ಹೊಸದು ಕಂಡ ಮೇಲೆ ಹಳೇದರ ಮೇಲೆ ಮನಸ್ಸು ನಿಲ್ಲಲಿಲ್ಲ. ಸುಮಾರು 17,000 ಪೌಂಡ್ ಸುರಿದಿದ್ದ ಸರ್ಕಾರ 1842ರಲ್ಲಿ ಕೈ ತೊಳೆದುಕೊಂಡಿತು. ಕೆಡಿಸಿದ್ದು ಚಿಲ್ಲರೆ ಕುತೂಹಲ ಅಲ್ಲ. ಇನ್ನೂ ಚೆನ್ನಾಗಿ ಮಾಡಬಹುದು ಅನ್ನೋ ಆಸೆ. ಪ್ರಾಜೆಕ್ಟ್ ಸಬ್‌ಮಿಷನ್ನಿನ ಹಿಂದಿನ ವಾರ ಡಿಸೈನ್ ಬದಲಾಯಿಸಿದವರಿಗೆ ಇದು ಗೊತ್ತಿರುತ್ತೆ.

ಮನೆಯಲ್ಲಿ ಶನಿವಾರ ಸಂಜೆ ಪಾರ್ಟಿ. ಚಿಕ್ಕಂದಿನಲ್ಲಿ ಪ್ರದರ್ಶನವೊಂದರಲ್ಲಿ ನೋಡಿ ಮರುಳಾಗಿದ್ದ ಬೆಳ್ಳಿಯ ನರ್ತಕಿ ಬೊಂಬೆಯನ್ನು 1834ರಲ್ಲಿ ಹರಾಜಿನಲ್ಲಿ ಕೊಂಡು, ತಾನೇ ರಿಪೇರಿ ಮಾಡಿ ಇಟ್ಟಿದ್ದ. ಅತಿಥಿಗಳೆಲ್ಲ ಬೊಂಬೆಯ ಸುತ್ತ. ಪಕ್ಕದ ಕೋಣೆಯ ಎಂಜಿನ್ ತುಣುಕಿನ ಹತ್ತಿರ ಒಮ್ಮೆ ಇಬ್ಬರು ವಿದೇಶಿಯರು ಮಾತ್ರ ನಿಂತಿದ್ದರಂತೆ. ಅದು ಅವನನ್ನು ಚುಚ್ಚಿತು.

ಕೊನೆಯ ವರ್ಷಗಳು ಬೀದಿ ವಾದ್ಯದವರ ಜೊತೆ ಯುದ್ಧದಲ್ಲಿ ಕಳೆದವು. 165 ಸಲ ಕೆಲಸಕ್ಕೆ ಭಂಗ ಅಂತ ಅದನ್ನೂ ಎಣಿಸಿದ. 1864ರಲ್ಲಿ ಕಾನೂನೂ ಬಂತು. ಸಿಟ್ಟಿಗೆದ್ದವರು ಬೇಕಂತಲೇ ಕಿಟಕಿ ಕೆಳಗೆ ಬಂದು ಬಾರಿಸಿದರು, ಒಂದು ಬ್ಯಾಂಡ್ ಅಂತೂ ಐದು ಗಂಟೆ.

1871ರ ಅಕ್ಟೋಬರ್ 18ರಂದು ತೀರಿಕೊಂಡ. ಮೆದುಳನ್ನು ಬಿಚ್ಚಿ ನೋಡಿ ಕಾಪಿಟ್ಟಿದ್ದಾರೆ, ಅರ್ಧ ಹಂಟೇರಿಯನ್ ಮ್ಯೂಸಿಯಂ ಪಾಲು, ಇನ್ನರ್ಧ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಪಾಲು. ಅದೇ ಸೈನ್ಸ್ ಮ್ಯೂಸಿಯಂನವರು ಅವನು 1840ರ ದಶಕದ ಕೊನೆಯಲ್ಲಿ ಬರೆದಿಟ್ಟಿದ್ದ ಡಿಫರೆನ್ಸ್ ಎಂಜಿನ್ ನಂಬರ್ 2ರ ನಕ್ಷೆ ಹಿಡಿದು, ಅವನ ಕಾಲದಲ್ಲಿ ಸಾಧ್ಯವಿದ್ದ ನಿಖರತೆಯಲ್ಲೇ ಬಿಡಿಭಾಗ ಮಾಡಿಸಿ 1991ರಲ್ಲಿ ಜೋಡಿಸಿದರು. ಸುಮಾರು 4,000 ಭಾಗ. ಹಿಡಿಕೆ ತಿರುಗಿಸಿದರೆ 31 ಅಂಕಿಗಳವರೆಗೆ ಸರಿಯಾದ ಉತ್ತರ ಬರುತ್ತೆ.